ಸ್ಕಿಯೊಪ್ಪೆತ್ತಿನೊ: ಇಟಲಿಯ ಅಪರೂಪದ ಕೆಂಪು ವೈನಿನಲ್ಲಿ ನಮ್ಮ ತೋಟದ ಒಳ್ಳೆಮೆಣಸಿನ ಘಮ ಎಲ್ಲಿಂದ ಬಂತು?

ಪ್ರಶ್ನೆ: ಶಿರಸಿಯವಳು (ಟ್ರಿಯೆಸ್ಟೆ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಎರಡು ವರ್ಷಗಳಿಂದ ಇಟಲಿಯ ಈಶಾನ್ಯ ತುದಿಯಲ್ಲಿರುವ ಟ್ರಿಯೆಸ್ಟೆ ನಗರದಲ್ಲಿ, ಭೌತವಿಜ್ಞಾನದ ಸಂಶೋಧನೆಗೆಂದು ಬಂದಿರುವ ಪತಿಯೊಂದಿಗೆ ವಾಸವಾಗಿದ್ದೇನೆ. ವೈನಿನ ವಿಷಯದಲ್ಲಿ ನನಗೆ ಹೆಚ್ಚಿನ ತಿಳಿವಳಿಕೆಯಿಲ್ಲ. ನಮ್ಮ ಮನೆಯಲ್ಲಿ ಅದರ ಹೆಸರೂ ಕೇಳಿಬರುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಊಟದ ಜೊತೆ ಅರ್ಧ ಲೋಟ ತೆಗೆದುಕೊಳ್ಳುವ ಅಭ್ಯಾಸವಾಯಿತು. ಆದ್ದರಿಂದ ಪ್ರಶ್ನೆ ತೀರ ಪ್ರಾಥಮಿಕವಾಗಿದ್ದರೆ ದಯವಿಟ್ಟು ತಾಳ್ಮೆಯಿಂದ ಉತ್ತರಿಸಬೇಕೆಂದು ಕೋರುತ್ತೇನೆ.

ಕಳೆದ ತಿಂಗಳು ನಾವಿಬ್ಬರೂ ಚಿವಿದಾಲೆ ಎಂಬ ಹಳೆಯ ಪಟ್ಟಣಕ್ಕೆ ಹೋಗಿದ್ದೆವು. ನಾತಿಸೋನೆ ನದಿಯ ಮೇಲಿನ ಕಲ್ಲಿನ ಸೇತುವೆಯನ್ನು ನೋಡಿಕೊಂಡು, ಮಧ್ಯಾಹ್ನ ಒಂದು ಸಣ್ಣ ಊಟದ ಮನೆಯಲ್ಲಿ ಕುಳಿತು ಫ್ರಿಕೊ ಎಂಬ ತಿನಿಸನ್ನು ತರಿಸಿಕೊಂಡೆವು. ಆಲೂಗಡ್ಡೆ ಮತ್ತು ಅಲ್ಲಿನ ಮೊಂತಾಸಿಯೊ ಚೀಸನ್ನು ಸೇರಿಸಿ ಕಾವಲಿಯ ಮೇಲೆ ದಪ್ಪ ದೋಸೆಯ ಹಾಗೆ ಕೆಂಪಗೆ ಬೇಯಿಸುತ್ತಾರೆ. ಇದಕ್ಕೆ ಯಾವ ವೈನ್ ಹೊಂದುತ್ತದೆ ಎಂದು ಕೇಳಿದಾಗ ಬಡಿಸುತ್ತಿದ್ದ ಹಿರಿಯರು ಬಾಟಲಿಯನ್ನು ತಂದು ತೋರಿಸದೆ, ನೇರವಾಗಿ ಎರಡು ಲೋಟಗಳಿಗೆ ಸುರಿದು, ಮೊದಲು ಮೂಸಿ ನೋಡಿ ಎಂದು ಸನ್ನೆ ಮಾಡಿದರು.

ಮೂಸಿದ ಕ್ಷಣದಲ್ಲಿ ನನಗಾದದ್ದನ್ನು ಹೇಗೆ ವಿವರಿಸಲಿ ಎಂದು ಈಗಲೂ ತಿಳಿಯುತ್ತಿಲ್ಲ. ಫೆಬ್ರುವರಿಯ ಬಿಸಿಲಿನಲ್ಲಿ ಅಂಗಳದ ತುಂಬ ಒಳ್ಳೆಮೆಣಸನ್ನು ಹರವಿ, ಸಂಜೆ ಅದನ್ನು ರಾಶಿ ಮಾಡುವಾಗ ಕೈಗೆ ಅಂಟುತ್ತಿದ್ದ ವಾಸನೆಯೇ ಆ ಲೋಟದಲ್ಲಿತ್ತು. ಕುಟ್ಟಿದ ಮೆಣಸಿನ ಘಾಟಲ್ಲ, ಖಾರವಲ್ಲ. ಒಣಗುತ್ತಿರುವ ಇಡೀ ಕಾಳಿನ ತಂಪಾದ ಘಮ. ಅದರ ಹಿಂದೆ ನೇರಳೆ ಹಣ್ಣಿನಂಥ ಒಂದು ಕಪ್ಪು ಹಣ್ಣಿನ ವಾಸನೆ. ಬಾಯಿಗಿಟ್ಟರೆ ಹುಳಿ ಚುರುಕಾಗಿತ್ತು, ಒಗರು ಹದವಾಗಿತ್ತು, ಖಾರ ಮಾತ್ರ ಸ್ವಲ್ಪವೂ ಇರಲಿಲ್ಲ. ಆಮೇಲೆ ಬಾಟಲಿಯನ್ನು ನೋಡಿದೆ: ಸ್ಕಿಯೊಪ್ಪೆತ್ತಿನೊ, ಪ್ರೆಪೊತ್ತೊ ಎಂದಿತ್ತು. ಇದು ಒಂದು ದ್ರಾಕ್ಷಿ ತಳಿಯ ಹೆಸರು, ಪ್ರೆಪೊತ್ತೊ ಇಲ್ಲಿಗೆ ಹತ್ತಿರದ ಊರು, ಐವತ್ತು ವರ್ಷಗಳ ಹಿಂದೆ ಈ ತಳಿ ಇನ್ನೇನು ಇಲ್ಲವಾಗುವುದರಲ್ಲಿತ್ತು ಎಂದಷ್ಟೇ ಆ ಹಿರಿಯರ ಮಾತಿನಿಂದ ನನ್ನ ಅರೆಬರೆ ಇಟಾಲಿಯನ್ನಿಗೆ ದಕ್ಕಿತು.

ನನ್ನ ಪ್ರಶ್ನೆಗಳು ಹೀಗಿವೆ. ವೈನಿಗೆ ನಿಜವಾಗಿ ಮೆಣಸನ್ನೇನಾದರೂ ಸೇರಿಸುತ್ತಾರೆಯೇ, ಅಥವಾ ದ್ರಾಕ್ಷಿಯಿಂದಲೇ ಆ ಘಮ ಬರುತ್ತದೆಯೇ? ನನ್ನ ಪತಿಗೆ ಆ ವಾಸನೆ ಬರಲೇ ಇಲ್ಲ. ಅವರೂ ತೋಟದ ಮನೆಯವರೇ, ಮೆಣಸಿನ ವಾಸನೆ ಅವರಿಗೆ ಅಪರಿಚಿತವಲ್ಲ. ಒಂದೇ ಬಾಟಲಿಯ ವೈನ್ ನನಗೆ ಮೆಣಸಾಗಿ, ಅವರಿಗೆ ಬರೀ ಹಣ್ಣಿನ ರಸವಾಗಿ ತೋರುವುದು ಹೇಗೆ? ಮತ್ತೊಂದು ಕಡೆ ಇದನ್ನೇ ರಿಬೊಲ್ಲಾ ನೇರಾ ಎಂದು ಬರೆದದ್ದನ್ನು ಕಂಡೆ. ಇಲ್ಲಿ ಎಲ್ಲೆಲ್ಲೂ ಸಿಗುವ ರಿಬೊಲ್ಲಾ ಜಾಲ್ಲಾ ಎಂಬ ಬಿಳಿ ದ್ರಾಕ್ಷಿಗೂ ಇದಕ್ಕೂ ಸಂಬಂಧವಿದೆಯೇ? ಮುಖ್ಯವಾಗಿ, ಈ ತಳಿ ನಾಶದ ಅಂಚಿಗೆ ಹೋಗಿ ಹಿಂದಿರುಗಿದ ಕಥೆಯನ್ನು ಬಲ್ಲವರು ಯಾರಾದರೂ ಇದ್ದರೆ ವಿವರವಾಗಿ ತಿಳಿಸಬೇಕು. ಊರಿಗೆ ಹೋಗುವಾಗ ಒಂದು ಬಾಟಲಿಯನ್ನು ಒಯ್ಯುವ ಆಸೆಯಿದೆ. ಅಪ್ಪ ಕುಡಿಯುವುದಿಲ್ಲ, ಆದರೆ ಮೂಸಿ ನೋಡಲಿ ಎಂದು.

———

ಉತ್ತರ 1: ಬಳ್ಳಿಯ ಬೆನ್ನಿಗೆ (ಬೆಂಗಳೂರು)

ನಮಸ್ಕಾರ ಮೇಡಂ. ನಾನು ಹದಿನೈದು ವರ್ಷಗಳಿಂದ ಹೋಟೆಲುಗಳಲ್ಲಿ ವೈನ್ ಬಡಿಸುವವರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ನೀವು ಹೇಳಿದ ಊರುಗಳಿರುವ ಫ್ರಿಯೂಲಿ ಪ್ರಾಂತಕ್ಕೆ ಎರಡು ಬಾರಿ ಹೋಗಿಬಂದಿದ್ದೇನೆ. ನೀವು ಮೊದಲ ಬಾರಿಗೇ, ಹೆಸರು ತಿಳಿಯುವ ಮುನ್ನವೇ, ಆ ವೈನಿನ ಮುಖ್ಯ ಲಕ್ಷಣವನ್ನು ಗುರುತಿಸಿದ್ದೀರಿ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಲು ನಾನು ಮೆಣಸಿನ ಕಾಳುಗಳನ್ನು ಬಟ್ಟಲಲ್ಲಿಟ್ಟು ಪಕ್ಕದಲ್ಲಿ ವೈನ್ ಇಡಬೇಕಾಗುತ್ತದೆ.

ಮೊದಲು ಸುಲಭದ ಉತ್ತರ: ಮೆಣಸನ್ನು ಸೇರಿಸುವುದಿಲ್ಲ. ಯುರೋಪಿನ ಕಾನೂನಿನಲ್ಲಿ ಮಸಾಲೆ ಅಥವಾ ಸುಗಂಧ ಬೆರೆಸಿದ ಪಾನೀಯಕ್ಕೆ ಪ್ರತ್ಯೇಕ ವರ್ಗವೇ ಇದೆ. ಊರಿನ ಹೆಸರನ್ನು ಹೊತ್ತು ಬರುವ ಪ್ರೆಪೊತ್ತೊದ ಸ್ಕಿಯೊಪ್ಪೆತ್ತಿನೊದಂಥ ವೈನಿಗೆ ಅದು ನಿಷಿದ್ಧ.

ಹೆಸರಿನ ವಿಷಯ. ಇಟಾಲಿಯನ್ನಿನಲ್ಲಿ ಚಟಪಟ ಸಿಡಿಯುವುದಕ್ಕೆ ಇರುವ ಕ್ರಿಯಾಪದದಿಂದ ಸ್ಕಿಯೊಪ್ಪೆತ್ತಿನೊ ಬಂದಿದೆ. ಅದಕ್ಕೆ ಎರಡು ಕಾರಣ ಹೇಳುತ್ತಾರೆ. ಹಣ್ಣಿನ ಸಿಪ್ಪೆ ಬಿಗಿಯಾಗಿದ್ದು, ಹಲ್ಲಿಗೆ ಸಿಕ್ಕಾಗ ಪಟಕ್ಕೆಂದು ಒಡೆಯುತ್ತದೆ ಎನ್ನುವುದು ಒಂದು. ಹಿಂದೆ ಬಾಟಲಿಗೆ ತುಂಬಿದ ಮೇಲೂ ಹುದುಗುವಿಕೆ ಮುಂದುವರಿದು ವೈನ್ ಸಣ್ಣಗೆ ನೊರೆಗುಟ್ಟುತ್ತಿತ್ತು ಎನ್ನುವುದು ಇನ್ನೊಂದು. ಗಡಿಯಾಚೆಯ ಸ್ಲೊವೇನಿಯಾದವರು ಇದನ್ನು ಪೊಕಾಲ್ತ್ಸಾ ಎನ್ನುತ್ತಾರೆ. ಅದರ ಮೂಲದಲ್ಲಿಯೂ ಸಿಡಿಯುವ ಅರ್ಥವೇ ಇದೆ. ರಿಬೊಲ್ಲಾ ನೇರಾ ಎಂದರೆ ಕಪ್ಪು ರಿಬೊಲ್ಲಾ. ಇದೇ ತಳಿಯ ಇನ್ನೊಂದು ಹೆಸರು. ಆದರೆ ಇದು ಬಿಳಿಯ ರಿಬೊಲ್ಲಾ ಜಾಲ್ಲಾದ ಬಣ್ಣ ಬದಲಾದ ರೂಪವಲ್ಲ. ಎರಡೂ ಬೇರೆ ಬೇರೆ ತಳಿಗಳು.

ಇನ್ನು ನೀವು ಮುಖ್ಯವಾಗಿ ಕೇಳಿದ ಕಥೆ. ಪ್ರೆಪೊತ್ತೊ ಊದಿನೆ ಜಿಲ್ಲೆಯಲ್ಲಿ, ಸ್ಲೊವೇನಿಯಾದ ಗಡಿಗೆ ತಾಗಿಕೊಂಡಿರುವ ಗುಡ್ಡಗಾಡಿನ ಊರು. ಪಕ್ಕದಲ್ಲಿ ಹರಿಯುವ ಯೂದ್ರಿಯೊ ಹೊಳೆ 1866ರಿಂದ 1915ರವರೆಗೆ ಇಟಲಿ ಮತ್ತು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಗಳ ನಡುವಿನ ಗಡಿಯಾಗಿತ್ತು. ಊರಿನ ಭಾಗವಾದ ಅಲ್ಬಾನಾ ಎಂಬ ಹಳ್ಳಿಯಲ್ಲಿ 1282ರಲ್ಲಿ ನಡೆದ ಒಂದು ಮದುವೆಯ ಸಂದರ್ಭದಲ್ಲಿಯೇ ಈ ವೈನಿನ ಉಲ್ಲೇಖವಿದೆ ಎಂದು ಅಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. ಇಷ್ಟು ಹಳೆಯ ಬಳ್ಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೇಡುಗಾಲ ಬಂತು. ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಹೇನು 1879ರಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡು, ಮುಂದಿನ ದಶಕಗಳಲ್ಲಿ ತೋಟ ತೋಟಗಳನ್ನೇ ಒಣಗಿಸಿತು. ಅದರ ಬೆನ್ನಿಗೇ ಮೊದಲ ಮಹಾಯುದ್ಧ ಬಂತು. ಇಸೊಂಜೊ ನದಿಯ ರಣರಂಗ ಈ ಗುಡ್ಡಗಳಿಗೆ ಕೂಗಳತೆಯಲ್ಲಿತ್ತು. ಮತ್ತೆ ತೋಟ ಕಟ್ಟುವಾಗ ರೈತರು ಬೇಗ ಫಲ ಕೊಡುವ, ಮಾರುಕಟ್ಟೆಯಲ್ಲಿ ಹೆಸರಿರುವ ಮೆರ್ಲೊ, ಕಾಬೆರ್ನೆಯಂಥ ಫ್ರೆಂಚ್ ತಳಿಗಳನ್ನು ನೆಟ್ಟರು. ಎರಡನೆಯ ಮಹಾಯುದ್ಧದ ನಂತರ ದುಡಿಮೆ ಅರಸಿ ಜನ ಗುಡ್ಡ ಬಿಟ್ಟು ಹೋದರು. ಹಳೆಯ ಬಳ್ಳಿ ಯಾರದೋ ಹಿತ್ತಲಿನ ಮೂಲೆಯಲ್ಲಿ, ಬೇರೆ ತಳಿಗಳ ಸಾಲಿನ ನಡುವೆ ಒಂದೆರಡಾಗಿ ಉಳಿಯಿತು.

1970ರಲ್ಲಿ ಪಾವ್ಲೊ ಮತ್ತು ದಿನಾ ರಪುತ್ಸಿ ಎಂಬ ದಂಪತಿ ಪ್ರೆಪೊತ್ತೊದ ಚಾಲ್ಲಾ ಕಣಿವೆಯಲ್ಲಿ ನೆಲೆಸಿ, ರೊಂಕಿ ದಿ ಚಾಲ್ಲಾ ಎಂಬ ವೈನ್ ಮನೆಯನ್ನು ಕಟ್ಟಿದರು. ಕಣಿವೆಗೆ ಸೇರಿದ ತಳಿಗಳನ್ನು ಬಿಟ್ಟು ಬೇರೆ ಯಾವುದನ್ನೂ ಬೆಳೆಯಬಾರದೆಂಬುದು ಅವರ ಹಟವಾಗಿತ್ತು. ಹಿರಿಯ ರೈತರನ್ನು ಕೇಳಿ ಕೇಳಿ, ಅಲ್ಲಲ್ಲಿ ಉಳಿದಿದ್ದ ಕೆಲವು ಹತ್ತು ಸ್ಕಿಯೊಪ್ಪೆತ್ತಿನೊ ಬಳ್ಳಿಗಳನ್ನು ಹುಡುಕಿ, ಅವುಗಳಿಂದ ಕಡ್ಡಿ ತೆಗೆದು ಕಸಿ ಮಾಡಿ ಹೊಸ ತೋಟ ಎಬ್ಬಿಸಿದರು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಕಥೆ ಹೇಳುವವರು ಸಾಮಾನ್ಯವಾಗಿ ಇದನ್ನು ದಾಟಿಹೋಗುತ್ತಾರೆ. ಯಾವ ಜಿಲ್ಲೆಯಲ್ಲಿ ಯಾವ ದ್ರಾಕ್ಷಿಯನ್ನು ನೆಡಬಹುದು ಎಂಬುದಕ್ಕೆ ಅಲ್ಲಿ ಸರ್ಕಾರಿ ಪಟ್ಟಿಯಿರುತ್ತದೆ. ಆ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಸ್ಕಿಯೊಪ್ಪೆತ್ತಿನೊ ಯಾರ ಗಮನದಲ್ಲೂ ಇರದಿದ್ದ ಕಾರಣ ಅದರ ಹೆಸರು ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ಏಳು ನೂರು ವರ್ಷಗಳಿಂದ ಆ ಮಣ್ಣಿನಲ್ಲಿದ್ದ ಬಳ್ಳಿಯನ್ನು ಅದೇ ಮಣ್ಣಿನಲ್ಲಿ ನೆಡುವುದು ಕಾನೂನಿಗೆ ವಿರುದ್ಧವಾಗಿತ್ತು. ಹೇನಿನಿಂದ, ಯುದ್ಧದಿಂದ ಉಳಿದುಕೊಂಡ ಬಳ್ಳಿಯನ್ನು ಕಾಗದ ಮುಗಿಸಿಬಿಡುವ ಸ್ಥಿತಿ ಬಂದಿತ್ತು. ಆಗ ನೆರವಿಗೆ ಬಂದದ್ದು ಪೆರ್ಕೊತೊ ಊರಿನಲ್ಲಿ ಗ್ರಾಪ್ಪಾ ಎಂಬ ಬಟ್ಟಿಯಿಳಿಸಿದ ಮದ್ಯವನ್ನು ತಯಾರಿಸುವ ನೊನಿನೊ ಮನೆತನ. ಅವರು 1975ರಲ್ಲಿ ರಿಸಿತ್ ದಾವುರ್, ಅಂದರೆ ಫ್ರಿಯೂಲಿ ನುಡಿಯಲ್ಲಿ ಚಿನ್ನದ ದ್ರಾಕ್ಷಿ ಸಸಿ, ಎಂಬ ಪ್ರಶಸ್ತಿಯನ್ನು ಸ್ಥಾಪಿಸಿದರು. ಸ್ಕಿಯೊಪ್ಪೆತ್ತಿನೊ, ಪಿನ್ಯೋಲೊ, ತಾತ್ಸೆಲೆಂಗೆ ಎಂಬ ಅಳಿವಿನಂಚಿನ ತಳಿಗಳನ್ನು ಬೆಳೆದವರಿಗೆ ಗೌರವ ಸಲ್ಲಿಸಿ, ಸರ್ಕಾರದ ಮೇಲೆ ಒತ್ತಡ ತರುವುದು ಅದರ ಉದ್ದೇಶ. 1976ರಲ್ಲಿ ಮೊದಲ ಪ್ರಶಸ್ತಿ ರಪುತ್ಸಿ ದಂಪತಿಗೆ ಸಂದಿತು. ಅದೇ ವರ್ಷ ಮೇ 6ರಂದು ಫ್ರಿಯೂಲಿಯಲ್ಲಿ ಭೀಕರ ಭೂಕಂಪವಾಗಿ ಸುಮಾರು ಸಾವಿರ ಜನ ಸತ್ತರು. ಅಂಥ ಕಾಲದಲ್ಲಿಯೂ ಈ ಕೆಲಸ ನಿಲ್ಲಲಿಲ್ಲ. 1977ರ ಸುಗ್ಗಿಯಿಂದ ರೊಂಕಿ ದಿ ಚಾಲ್ಲಾದ ಸ್ಕಿಯೊಪ್ಪೆತ್ತಿನೊ ಹೊರಬರತೊಡಗಿತು, ಮುಂದೆ ಪಟ್ಟಿಯಲ್ಲಿ ಹೆಸರೂ ಸೇರಿತು. ಇಂದು ಚಾಲ್ಲಾ ಮತ್ತು ಪ್ರೆಪೊತ್ತೊ ಎರಡಕ್ಕೂ ವೈನಿನ ಲೇಬಲಿನಲ್ಲಿ ಪ್ರತ್ಯೇಕ ಸ್ಥಾನವಿದೆ.

ಮೆಣಸಿನ ಘಮಕ್ಕೆ ಕಾರಣ ಆ ಗುಡ್ಡದ ಪೊಂಕಾ ಎಂಬ ಮಣ್ಣು. ಜೇಡಿಸುಣ್ಣ ಮತ್ತು ಮರಳುಗಲ್ಲಿನ ಪದರಗಳು ಸೇರಿದ, ಕೈಯಲ್ಲಿ ಹಿಡಿದರೆ ಪುಡಿಯಾಗುವ ಕಲ್ಲುಮಣ್ಣು ಅದು. ನಿಮ್ಮ ಪತಿಯ ವಿಷಯ ನನ್ನ ತಿಳಿವಿಗೆ ಮೀರಿದ್ದು, ಬಲ್ಲವರು ಹೇಳಲಿ.

———

ಉತ್ತರ 2: ಗಂಧಮೂಲ (ಮೈಸೂರು)

ಮಸಾಲೆ ಪದಾರ್ಥಗಳ ಪರಿಮಳವನ್ನು ವಿಶ್ಲೇಷಿಸುವ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಹಿಂದಿನ ಉತ್ತರದಲ್ಲಿ ಇತಿಹಾಸದ ಭಾಗವನ್ನು ಓದಿ ಬಹಳ ಸಂತೋಷವಾಯಿತು. ಆದರೆ ಮಣ್ಣಿನ ಮಾತನ್ನು ಒಪ್ಪಲಾರೆ, ಅದಕ್ಕೆ ಕಾರಣ ಹೇಳುತ್ತೇನೆ.

ಆ ಘಮದ ಹಿಂದಿರುವ ವಸ್ತುವಿನ ಹೆಸರು ರೊಟಂಡೋನ್. ಆಸ್ಟ್ರೇಲಿಯಾದ ಶಿರಾಜ್ ವೈನಿನಲ್ಲಿ ಮೆಣಸಿನ ವಾಸನೆ ಏಕೆ ಬರುತ್ತದೆ ಎಂದು ವರ್ಷಗಟ್ಟಲೆ ಹುಡುಕಿದ ಅಲ್ಲಿನ ವೈನ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವಸ್ತು ಕಾಳುಮೆಣಸಿನಲ್ಲಿಯೂ ಇದೆ, ವೈನಿಗಿಂತ ಸಾವಿರಾರು ಪಟ್ಟು ಹೆಚ್ಚಿದೆ. ಆದ್ದರಿಂದ ಪ್ರಶ್ನೆ ಕೇಳಿದ ತಂಗಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಲೋಟದಲ್ಲಿದ್ದದ್ದು ಮೆಣಸಿನ ಹಾಗಿರುವ ಯಾವುದೋ ವಾಸನೆಯಲ್ಲ. ನಿಮ್ಮ ಅಂಗಳದಲ್ಲಿ ಒಣಗುತ್ತಿದ್ದ ಕಾಳಿನಲ್ಲಿದ್ದ ಅಣುವೇ ಆ ದ್ರಾಕ್ಷಿಯಲ್ಲಿಯೂ ಇತ್ತು. ಖಾರ ಇರಲಿಲ್ಲ ಎಂದಿರಿ. ಮೆಣಸಿನ ಖಾರಕ್ಕೆ ಕಾರಣ ಪಿಪರಿನ್ ಎಂಬ ಬೇರೆಯೇ ವಸ್ತು, ಅದು ದ್ರಾಕ್ಷಿಯಲ್ಲಿಲ್ಲ. ನಾಲಿಗೆಯೂ ಮೂಗೂ ಒಟ್ಟಿಗೆ ಅನುಭವಿಸುವ ಮೆಣಸನ್ನು ಈ ವೈನ್ ಎರಡಾಗಿ ಬಿಡಿಸಿ, ಮೂಗಿನ ಪಾಲನ್ನು ಮಾತ್ರ ಕೊಡುತ್ತದೆ.

ಹೆಸರಿನ ಮೂಲ ಕೇಳಿದರೆ ನಿಮಗೆ ಇನ್ನಷ್ಟು ಆಶ್ಚರ್ಯವಾಗಬಹುದು. ಈ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ವೈನಿನಿಂದಲ್ಲ, ಮೆಣಸಿನಿಂದಲೂ ಅಲ್ಲ. 1960ರ ದಶಕದಲ್ಲಿ ಸೈಪರಸ್ ರೊಟಂಡಸ್ ಎಂಬ ಜೇಕಿನ ಗಡ್ಡೆಯಿಂದ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು, ಹೊಲ ತೋಟಗಳಲ್ಲಿ ಕೊನ್ನಾರಿ ಗಡ್ಡೆ ಎಂದು ಕರೆಯುವ ಕಳೆಯೇ ಅದು. ಎಷ್ಟು ಕಿತ್ತರೂ ಮತ್ತೆ ಹುಟ್ಟುವ ಆ ಹುಲ್ಲಿನ ಹೆಸರನ್ನೇ ವೈನಿನ ಮೆಣಸಿನ ಘಮ ಇಂದು ಹೊತ್ತಿದೆ.

ಅದರ ಶಕ್ತಿಯನ್ನು ಅಂಕಿಯಲ್ಲಿ ಹೇಳುವುದಾದರೆ, ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ ಇದ್ದರೆ ಸಾಮಾನ್ಯ ಮೂಗು ಅದನ್ನು ಗ್ರಹಿಸುತ್ತದೆ. ಅಂದರೆ ಒಂದೇ ಒಂದು ಗ್ರಾಂ ರೊಟಂಡೋನ್ ಆರು ಕೋಟಿ ಲೀಟರಿಗೂ ಹೆಚ್ಚು ವೈನಿಗೆ ಮೆಣಸಿನ ವಾಸನೆ ಹತ್ತಿಸಬಲ್ಲದು. ಇಟಲಿಯದೇ ಆದ, ಸಾನ್ ಮಿಕೇಲೆ ಎಂಬಲ್ಲಿರುವ ಕೃಷಿ ಸಂಶೋಧನಾ ಸಂಸ್ಥೆಯವರು 2011ರಲ್ಲಿ ಸ್ಕಿಯೊಪ್ಪೆತ್ತಿನೊ, ವೆಸ್ಪೊಲಿನಾ ಎಂಬ ಇನ್ನೊಂದು ಇಟಲಿಯ ಕೆಂಪು ತಳಿ, ಹಾಗೂ ಆಸ್ಟ್ರಿಯಾದ ಗ್ರೂನರ್ ವೆಲ್ಟ್‌ಲೀನರ್ ಎಂಬ ಬಿಳಿ ತಳಿಯ ವೈನುಗಳಲ್ಲಿ ಈ ಮಿತಿಗಿಂತ ಬಹಳ ಹೆಚ್ಚು ರೊಟಂಡೋನ್ ಇರುವುದನ್ನು ತೋರಿಸಿದರು. ಅದು ತಿರುಳಿನಲ್ಲಿರದೆ ಸಿಪ್ಪೆಯಲ್ಲಿ ಮಾತ್ರ ಸೇರುತ್ತದೆ, ಕಾಯಿಗೆ ಬಣ್ಣ ತಿರುಗಿದಾಗಿನಿಂದ ಕೊಯ್ಲಿನವರೆಗಿನ ಕೊನೆಯ ಘಟ್ಟದಲ್ಲಿ ಹೆಚ್ಚುತ್ತದೆ ಎಂಬುದೂ ಅವರ ಅಧ್ಯಯನದಿಂದ ತಿಳಿಯಿತು. ಹಣ್ಣು ಮಾಗುವ ಕಾಲ ತಂಪಾಗಿದ್ದು, ಗೊಂಚಲು ಎಲೆಯ ನೆರಳಿನಲ್ಲಿದ್ದರೆ ಪ್ರಮಾಣ ಏರುತ್ತದೆ; ಸುಡುಬಿಸಿಲಿನ ವರ್ಷ ಇಳಿಯುತ್ತದೆ. ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಮೊದಲ ಕಾರಣ ತಳಿ, ಎರಡನೆಯದು ಆಲ್ಪ್ಸ್ ಬೆಟ್ಟಗಳ ಕಡೆಯಿಂದ ಇಳಿಯುವ ತಂಪು. ಪೊಂಕಾ ಮಣ್ಣು ನೀರು ಬಸಿದು ಬಳ್ಳಿಯನ್ನು ಹದದಲ್ಲಿಡಬಹುದು, ಆದರೆ ಅದೇ ಮಣ್ಣಿನಲ್ಲಿ ಬೆಳೆದ ಮೆರ್ಲೊ ಮೆಣಸಿನ ಘಮ ಕೊಡುವುದಿಲ್ಲವಲ್ಲ.

ಇನ್ನು ನಿಮ್ಮ ಪತಿಯ ವಿಷಯ. ಆಸ್ಟ್ರೇಲಿಯಾದವರ ಅದೇ ಅಧ್ಯಯನದಲ್ಲಿ, ಮೂಸಲು ಕುಳಿತವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಲೀಟರಿಗೆ 4000 ನ್ಯಾನೊಗ್ರಾಂ ಬೆರೆಸಿದರೂ ರೊಟಂಡೋನ್ ವಾಸನೆ ತಿಳಿಯಲಿಲ್ಲ. ಅವರ ಮೂಗಿನಲ್ಲಿ ದೋಷವೇನೂ ಇಲ್ಲ, ಈ ಒಂದು ವಾಸನೆಯ ಬಾಗಿಲು ಮಾತ್ರ ಅವರಿಗೆ ಮುಚ್ಚಿದೆ. ಹಾಗಾದರೆ ತೋಟದ ಮೆಣಸಿನ ವಾಸನೆ ಅವರಿಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಮೆಣಸಿನ ಎಣ್ಣೆಯಲ್ಲಿ ಪೈನೀನ್, ಲಿಮೊನೀನ್, ಕ್ಯಾರಿಯೊಫಿಲೀನ್ ಮೊದಲಾದ ಹತ್ತಾರು ವಸ್ತುಗಳಿವೆ. ಅವರು ಅವುಗಳಿಂದ ಮೆಣಸನ್ನು ಗುರುತಿಸುತ್ತಾರೆ. ಅಂದರೆ ನೀವಿಬ್ಬರೂ ಮದುವೆಯಾದಂದಿನಿಂದ ಒಂದೇ ಸಾರನ್ನು ಉಣ್ಣುತ್ತಿದ್ದರೂ, ಇಬ್ಬರ ಪಾಲಿನ ಮೆಣಸು ಬೇರೆ ಬೇರೆಯಾಗಿದ್ದಿರಬಹುದು.

ಖಚಿತಪಡಿಸಿಕೊಳ್ಳಬೇಕಾದರೆ ಒಂದು ಸರಳ ಪರೀಕ್ಷೆ ಮಾಡಿ. ಒಂದೇ ಬಗೆಯ ಮೂರು ಲೋಟಗಳಲ್ಲಿ, ಎರಡಕ್ಕೆ ಮೆಣಸಿನ ಘಮವಿಲ್ಲದ ಸಾಧಾರಣ ಮೆರ್ಲೊ, ಒಂದಕ್ಕೆ ಅದೇ ಮೆರ್ಲೊಗೆ ಕಾಲು ಭಾಗ ಸ್ಕಿಯೊಪ್ಪೆತ್ತಿನೊ ಬೆರೆಸಿ, ಕಣ್ಣು ಮುಚ್ಚಿಸಿ ಬೇರೆಯದನ್ನು ಆರಿಸಲು ಹೇಳಿ. ಸ್ಥಾನ ಬದಲಿಸುತ್ತಾ ಹತ್ತು ಸಲ ಮಾಡಿ. ಊಹೆಯಿಂದ ಮೂರ್ನಾಲ್ಕು ಸರಿಯಾಗುತ್ತವೆ. ಎಂಟಕ್ಕಿಂತ ಹೆಚ್ಚು ಸರಿಯಾದರೆ ಅವರಿಗೆ ಏನೋ ವ್ಯತ್ಯಾಸ ತಿಳಿಯುತ್ತಿದೆ ಎಂದರ್ಥ.

———

ಶಿರಸಿಯವಳು

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಗಂಧಮೂಲ ಅವರು ಹೇಳಿದ ಪರೀಕ್ಷೆಯನ್ನು ಭಾನುವಾರ ಮಾಡಿದೆವು. ಪತಿ ಹತ್ತರಲ್ಲಿ ನಾಲ್ಕು ಸಲ ಸರಿಯಾಗಿ ಹೇಳಿದರು. ಅವರು ನನಗೆ ಮಾಡಿದಾಗ ನಾನು ಒಂಬತ್ತು ಸಲ ಸರಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಅಂಗಳದ ವಾಸನೆಯನ್ನು ಮಾತಿನಲ್ಲಿ ವಿವರಿಸಲು ನನ್ನನ್ನು ಕೇಳಿದರು. ನಾನು ಎಷ್ಟು ಪ್ರಯತ್ನಿಸಿದರೂ ತಂಪು, ಒಣ, ಕಟ್ಟಿಗೆ ಎಂಬ ಮೂರು ಮಾತುಗಳ ಆಚೆಗೆ ಹೋಗಲಾಗಲಿಲ್ಲ.

ಇನ್ನೂ ಎರಡು ಸಂದೇಹಗಳಿವೆ. ಹಳೆಯದಾದಂತೆ ವೈನಿನ ಮೆಣಸಿನ ಘಮ ಹೋಗಿಬಿಡುತ್ತದೆಯೇ? ಊರಿಗೆ ಒಯ್ಯಲು ಹೊಸದನ್ನು ಕೊಳ್ಳಬೇಕೇ, ಹಳೆಯದನ್ನೇ? ಮತ್ತು, ಫಿಲೋಕ್ಸೆರಾ ಹೇನು ಬೇರು ತಿನ್ನುತ್ತಿದ್ದರೆ ಈಗ ನೆಟ್ಟ ಬಳ್ಳಿಗಳು ಹೇಗೆ ಉಳಿದಿವೆ? ಹೇನು ಹೋಯಿತೇ?

———

ಉತ್ತರ 3: ಹಂಬು (ಸಿದ್ದಾಪುರ, ಉತ್ತರ ಕನ್ನಡ)

ನಾನು ವೈನನ್ನು ಕಂಡವನಲ್ಲ, ಕುಡಿದವನೂ ಅಲ್ಲ. ಆದರೆ ಕೊನೆಯ ಪ್ರಶ್ನೆಗೆ ಮೆಣಸು ಬೆಳೆಯುವವನಾಗಿ ಉತ್ತರಿಸಬಲ್ಲೆ, ಏಕೆಂದರೆ ಇದೇ ಸಮಸ್ಯೆಗೆ ಇದೇ ಪರಿಹಾರವನ್ನು ನಾವು ನಮ್ಮ ತೋಟದಲ್ಲಿ ಮಾಡಿದ್ದೇವೆ.

ಹೇನು ಹೋಗಿಲ್ಲ ತಂಗೀ, ಅದು ಈಗಲೂ ಆ ಮಣ್ಣಿನಲ್ಲಿದೆ. ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಆ ಹೇನನ್ನು ತಾಳಿಕೊಳ್ಳುವ ಶಕ್ತಿಯಿದೆ. ಆದ್ದರಿಂದ ನೆಲದ ಕೆಳಗೆ ಅಮೆರಿಕದ ಬೇರು, ಮೇಲೆ ಯುರೋಪಿನ ತಳಿಯ ಕಡ್ಡಿ, ಹೀಗೆ ಕಸಿ ಕಟ್ಟುತ್ತಾರೆ. ನಮ್ಮಲ್ಲಿ ಮೆಣಸಿಗೆ ಸೊರಗು ರೋಗ ಬಂದು ಮಳೆಗಾಲದಲ್ಲಿ ಒಂದೇ ವಾರಕ್ಕೆ ಬಳ್ಳಿಗಳು ಕಳಚಿ ಬೀಳುವುದನ್ನು ನೀವೂ ನೋಡಿಯೇ ಇರುತ್ತೀರಿ. ಅದಕ್ಕೆ ದಕ್ಷಿಣ ಅಮೆರಿಕದಿಂದ ಬಂದ, ನೀರು ನಿಂತರೂ ಕೊಳೆಯದ ಕಾಡುಹಿಪ್ಪಲಿ ಜಾತಿಯ ಗಿಡಕ್ಕೆ ನಮ್ಮ ಮೆಣಸನ್ನು ಕಸಿ ಮಾಡಿ ನೆಡುತ್ತಿದ್ದೇವೆ. ಅಲ್ಲಿ ಉತ್ತರ ಅಮೆರಿಕದ ಬೇರು, ಇಲ್ಲಿ ದಕ್ಷಿಣ ಅಮೆರಿಕದ ಬೇರು. ಮೇಲಿನ ಬಳ್ಳಿ ಮಾತ್ರ ಅಲ್ಲಿಯದು ಅಲ್ಲಿಯದೇ, ನಮ್ಮದು ನಮ್ಮದೇ. ಕಸಿ ಮಾಡಿದರೆ ಘಮ ಬದಲಾಗುತ್ತದೆ ಎಂದು ನಮ್ಮ ಹಿರಿಯರೊಬ್ಬರು ವಾದಿಸುತ್ತಿದ್ದರು. ನನ್ನ ತೋಟದ ಕಸಿ ಬಳ್ಳಿಯ ಮೆಣಸನ್ನೂ ಹಳೆಯ ಬಳ್ಳಿಯದನ್ನೂ ಪಕ್ಕಪಕ್ಕದಲ್ಲಿಟ್ಟು ಮೂಸಿದ್ದೇನೆ, ನನಗೆ ವ್ಯತ್ಯಾಸ ಕಂಡಿಲ್ಲ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಅಡಿಕೆಗೆ ಕೊಳೆ ಬರದಂತೆ ಮೈಲುತುತ್ತ ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ, ಅಮೆರಿಕದಿಂದಲೇ ಬಂದ ಬೂಜು ರೋಗವೊಂದನ್ನು ತಡೆಯುವುದಕ್ಕೆ. ಆ ಗುಡ್ಡದ ರೈತರು ಹೊಡೆಯುವುದೂ ಅದೇ ನೀಲಿ ನೀರು, ನಾವು ಕೊನೆಗೆ ಏರಿ ಹೊಡೆಯುವುದೂ ಅದೇ.

ಬಳ್ಳಿಯ ಬೆನ್ನಿಗೆ ಅವರು ಬರೆದ ಕಥೆಯಲ್ಲಿ ನನ್ನ ಮನಸ್ಸಿಗೆ ಬಹಳ ತಾಗಿದ್ದು, ಕೆಲವೇ ಬಳ್ಳಿಗಳಿಂದ ಕಡ್ಡಿ ತೆಗೆದರು ಎಂಬ ಭಾಗ. ದ್ರಾಕ್ಷಿಯೂ ಮೆಣಸೂ ಬೀಜದಿಂದ ಬಂದರೆ ತಾಯಿಯಂತಿರುವುದಿಲ್ಲ. ಹಂಬಿನಿಂದ, ಕಡ್ಡಿಯಿಂದ, ಕಸಿಯಿಂದ ಬಂದರೆ ಮಾತ್ರ ತಳಿ ಉಳಿಯುತ್ತದೆ. ಆದ್ದರಿಂದ ಕೊನೆಯ ಬಳ್ಳಿ ಒಣಗುವ ಮೊದಲು ಯಾರಾದರೂ ಕತ್ತರಿ ಹಿಡಿದು ಬರಲೇಬೇಕು, ಆಮೇಲೆ ಬಂದರೆ ಪ್ರಯೋಜನವಿಲ್ಲ. ನಮ್ಮ ಸೀಮೆಯಲ್ಲಿ ಮಲ್ಲಿಗೆಸರ, ಕುದ್ರಗುಟ್ಟ ಎಂಬ ಹಳೆಯ ಮೆಣಸಿನ ತಳಿಗಳಿದ್ದವು, ಈಗಲೂ ಕೆಲವು ತೋಟಗಳಲ್ಲಿವೆ. ಹೆಚ್ಚು ಇಳುವರಿ ಕೊಡುವ ಪಣಿಯೂರು ಬಂದ ಮೇಲೆ ನಮ್ಮಲ್ಲಿ ಅನೇಕರು ಹಳೆಯದನ್ನು ಕಿತ್ತರು. ನಮ್ಮ ತಂದೆಯವರೂ ಕಿತ್ತರು. ಅವರನ್ನು ದೂರುವುದಿಲ್ಲ, ಆ ವರ್ಷಗಳಲ್ಲಿ ಸಾಲ ತೀರಿದ್ದು ಪಣಿಯೂರಿನಿಂದಲೇ. ಆದರೆ ಮೇಲುತೋಟದ ಅಂಚಿನಲ್ಲಿ, ಒಂದು ಹಲಸಿನ ಮರಕ್ಕೆ ಹಬ್ಬಿದ ಹೆಸರು ತಿಳಿಯದ ಹಳೆಯ ಬಳ್ಳಿಯೊಂದಿದೆ. ಕಾಳು ಸಣ್ಣದು, ಘಮ ಬಹಳ. ಈ ಚರ್ಚೆಯನ್ನು ಓದಿದ ಮೇಲೆ ಅದರ ಹಂಬುಗಳನ್ನು ಹನ್ನೆರಡು ಕೊಟ್ಟೆಗಳಿಗೆ ಹಾಕಿದ್ದೇನೆ.

———

ಉತ್ತರ 4: ಬಳ್ಳಿಯ ಬೆನ್ನಿಗೆ

ಗಂಧಮೂಲ ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ಮಣ್ಣಿನ ಮಾತನ್ನು ನಾನು ಅಲ್ಲಿನ ವೈನ್ ಮನೆಗಳಲ್ಲಿ ಕೇಳಿ ಹಾಗೆಯೇ ಹೇಳಿದ್ದೆ. ಮೆರ್ಲೊ ಉದಾಹರಣೆಯ ಮುಂದೆ ಅದು ನಿಲ್ಲುವುದಿಲ್ಲ. ಇನ್ನು ಮುಂದೆ ತರಗತಿಯಲ್ಲಿ ತಳಿ ಮತ್ತು ತಂಪು ಎಂದೇ ಹೇಳುತ್ತೇನೆ, ಭದ್ರಮುಷ್ಟಿಯ ಗಡ್ಡೆಯನ್ನೂ ತಂದು ತೋರಿಸುತ್ತೇನೆ.

ಮೇಡಂ ಅವರ ಮೊದಲ ಸಂದೇಹಕ್ಕೆ: ರೊಟಂಡೋನ್ ಬಾಟಲಿಯಲ್ಲಿ ಸುಲಭವಾಗಿ ನಾಶವಾಗುವ ವಸ್ತುವಲ್ಲ. ಆದರೆ ವರ್ಷ ಕಳೆದಂತೆ ಸುತ್ತಲಿನ ವಾಸನೆಗಳು ಬದಲಾಗುತ್ತವೆ. ಎಳೆಯ ವೈನಿನಲ್ಲಿ ಮೆಣಸು ಹಣ್ಣಿನ ಪಕ್ಕದಲ್ಲಿ ನಿಂತಿರುತ್ತದೆ. ಹತ್ತು ಹದಿನೈದು ವರ್ಷದ ಚಾಲ್ಲಾ ವೈನಿನಲ್ಲಿ ಅದು ಒಣಗಿದ ಎಲೆ, ತೊಗಲು, ಕಟ್ಟಿಗೆಯ ವಾಸನೆಗಳ ನಡುವೆ ಬೆರೆತುಹೋಗಿರುತ್ತದೆ. ಬಲ್ಲವರು ಹಳೆಯದನ್ನೇ ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಆದರೆ ತಂದೆಯವರಿಗೆ ಮೂಸಿಸುವ ಉದ್ದೇಶವಿದ್ದರೆ ಮೂರು ನಾಲ್ಕು ವರ್ಷದೊಳಗಿನದನ್ನೇ ಕೊಳ್ಳಿ. ಅಂಗಡಿಯವರಲ್ಲಿ ಎರಡು ವಿಷಯ ಕೇಳಿ: ಹೊಸ ಓಕ್ ಪೀಪಾಯಿಯಲ್ಲಿ ಹೆಚ್ಚು ಕಾಲ ಇಟ್ಟದ್ದು ಬೇಡ, ಏಕೆಂದರೆ ಮರದ ಸಿಹಿ ವಾಸನೆ ಮೆಣಸನ್ನು ಮುಚ್ಚುತ್ತದೆ, ಬೇಸಗೆ ತಂಪಾಗಿದ್ದ ವರ್ಷದ್ದಾಗಿದ್ದರೆ ಒಳ್ಳೆಯದು. ಲೇಬಲಿನಲ್ಲಿ ಸ್ಕಿಯೊಪ್ಪೆತ್ತಿನೊ ಹೆಸರಿನ ಜೊತೆ ಪ್ರೆಪೊತ್ತೊ ಅಥವಾ ಚಾಲ್ಲಾ ಎಂದಿರುವುದನ್ನೇ ಆರಿಸಿ. ಇದು ಈಗ ಅಳಿವಿನ ಅಂಚಿನಲ್ಲಿಲ್ಲ, ಆದರೆ ಅಪರೂಪದ್ದೇ. ಬೆಂಗಳೂರಿನ ಅಂಗಡಿಗಳಲ್ಲಿ ನಾನು ಇದುವರೆಗೆ ಒಂದು ಬಾಟಲಿಯನ್ನೂ ಕಂಡಿಲ್ಲ.

ಪ್ರಯಾಣಿಕರು ಸುಂಕವಿಲ್ಲದೆ ಭಾರತಕ್ಕೆ ಒಬ್ಬೊಬ್ಬರು ಎರಡು ಲೀಟರಿನವರೆಗೆ ತರಬಹುದು. 750 ಮಿಲಿಲೀಟರಿನ ಎರಡು ಬಾಟಲಿಗಳು ಅದರೊಳಗೆ ಬರುತ್ತವೆ. ಉಣ್ಣೆಯ ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವಿನಲ್ಲಿಡಿ. ಮನೆ ತಲುಪಿದ ದಿನವೇ ತೆರೆಯಬೇಡಿ, ಒಂದೆರಡು ವಾರ ತಂಪಾದ ಕತ್ತಲೆ ಕೋಣೆಯಲ್ಲಿ ಮಲಗಿಸಿಡಿ. ನಿಮ್ಮ ಕಡೆಯ ಮನೆಗಳಲ್ಲಿ ಉಪ್ಪಿನಕಾಯಿ ಭರಣಿ ಇಡುವ ಜಾಗ ಅದಕ್ಕೆ ಸರಿಯಾದದ್ದು. ತೆರೆಯುವ ಮೊದಲು ಫ್ರಿಜ್ಜಿನಲ್ಲಿಟ್ಟು 16 ಡಿಗ್ರಿಯ ಆಸುಪಾಸಿಗೆ ತನ್ನಿ. ನಮ್ಮ ಕೋಣೆಗಳ 28 ಡಿಗ್ರಿಯಲ್ಲಿ ಮದ್ಯಸಾರದ ಘಾಟು ಮೊದಲು ಎದ್ದು ಘಮವನ್ನು ಅಡಗಿಸುತ್ತದೆ. ಹಸಿಮೆಣಸಿನ ಖಾರದ ಅಡುಗೆಯ ಜೊತೆ ಬೇಡ, ಒಗರು ಕಹಿಯಾಗುತ್ತದೆ.

———

ಶಿರಸಿಯವಳು

ಹಂಬು ಅಣ್ಣನವರ ಮಾತನ್ನು ಓದಿ ನಿನ್ನೆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ. ನಮ್ಮ ತೋಟದಲ್ಲಿ ಮಲ್ಲಿಗೆಸರ ಉಳಿದಿದೆಯೇ ಎಂದು ಕೇಳಿದಾಗ, ಕೆಳಗಿನ ಹಳ್ಳದ ಬದಿಯಲ್ಲಿ ನಾಲ್ಕು ಬಳ್ಳಿಗಳಿವೆ, ಅಜ್ಜ ನೆಟ್ಟದ್ದು ಎಂದರು. ಮನೆಯ ಅಡುಗೆಗೆ ಅವುಗಳ ಕಾಳನ್ನೇ ಬೇರೆಯಾಗಿ ತೆಗೆದಿಡುತ್ತಾರಂತೆ. ಇದು ನನಗೆ ಇದುವರೆಗೆ ತಿಳಿದಿರಲಿಲ್ಲ. ಜನವರಿಯಲ್ಲಿ ಊರಿಗೆ ಹೋಗುತ್ತಿದ್ದೇವೆ. ಎರಡು ಬಾಟಲಿಗಳನ್ನು ಕಾಯ್ದಿರಿಸಿದ್ದೇನೆ, ಬರುವಾಗ ಆ ನಾಲ್ಕು ಬಳ್ಳಿಗಳ ಒಂದು ಸೇರು ಮೆಣಸನ್ನು ಚಿವಿದಾಲೆಯ ಆ ಹಿರಿಯರಿಗೆ ತಂದುಕೊಡುತ್ತೇನೆ.